ಲ್ಯಾನ್ಸ್ ಗ್ಯಾಲಂಟ್‌ನ ತಂಗಿ

ಮಂಗಳವಾರ, 6 ಸೆಪ್ಟೆಂಬರ್ 1994

ಓಲ್ಡಮ್ ಮಾರ್ಕೆಟ್ಟು. ಆರೂವರೆಗೆ ಪಿಂಗಾಣಿ ಅಂಗಡಿ ಹರಡಿದೆ. ಚಳಿ. ಮೂರು ಊಟದ ಸೆಟ್ಟು, ಹನ್ನೊಂದು ಚಹಾ ಸೆಟ್ಟು ಹೋದವು. ಎರಡು ತಟ್ಟೆ ಒಡೆದವು, ಒಂದು ಬೇಕಂತಲೇ. ಒಂದು ಒಡೆದರೆ ನಾಲ್ಕು ಹೆಂಗಸರು ತಿರುಗುತ್ತಾರೆ, ನಾಲ್ವರಲ್ಲಿ ಒಬ್ಬಳು ಕೊಳ್ಳುತ್ತಾಳೆ. ಇಪ್ಪತ್ತೆಂಟು ವರ್ಷದ ಲೆಕ್ಕ, ತಪ್ಪಿದ್ದಿಲ್ಲ.

ಮೈಕಿನಲ್ಲಿ ಎಂದಿನ ಪಾಠ. "ಬನ್ನಿ ತಾಯಂದಿರೇ! ಅತ್ತೆ ಬಂದಾಗ ಇದರಲ್ಲಿ ಬಡಿಸಿ, ಹೋದ ಮೇಲೆ ಗೋಡೆಗೆ ಎಸೆಯಿರಿ!"

ಹಸಿರು ಟೋಪಿಯ ಮುದುಕಿ ಹತ್ತಿರ ಬಂದು ಮುಖವನ್ನೇ ನೋಡಿದಳು.

"ನೀನು ಆ ಲ್ಯಾನ್ಸ್ ಗ್ಯಾಲಂಟ್ ಅಲ್ವೇನೋ? ಟೀವೀಲಿ ಸೊಂಟ ಕುಣಿಸ್ತಿದ್ದೆಯಲ್ಲ?"

"ಅವನೇ ಅಮ್ಮ. ಈಗ ಸೊಂಟಕ್ಕೇ ಪಟ್ಟಿ ಬಿಗಿದಿದೀನಿ."

"ನಿನ್ನ ನೋಡಿ ನಮ್ಮಪ್ಪ ಟೀವಿ ಆರಿಸಿಬಿಟ್ಟಿದ್ದ."

"ನಿಮ್ಮಪ್ಪನ ಹಿಂದೆ ಇಡೀ ದೇಶಾನೇ ಆರಿಸಿತು, ಬಿಡಿ."

ನಕ್ಕಳು. ಎರಡು ಸಾಸರ್ ಕೊಂಡಳು. ಕಪ್ ಬೇಡವಂತೆ.

ಮನೆಗೆ ಬಂದರೆ ಬೆರಿಲ್‌ಳ ಕಾಗದ. ಮೂವತ್ತೈದು ವರ್ಷದಿಂದ ನನ್ನ ಅಭಿಮಾನಿ ಸಂಘದ ಕಾರ್ಯದರ್ಶಿ ಅವಳು. ಮಂಡಿ ನೋವಂತೆ, ಕಣ್ಣು ಮಂಜಂತೆ, ಸಂಘ ಮುಚ್ಚುತ್ತಾಳಂತೆ. ಕೊನೆಯ ಊಟ ಮೋರ್ಕಮ್‌ನ ಸಮುದ್ರದ ದಂಡೆಯ ಹೋಟೆಲಿನಲ್ಲಿ, ಅಕ್ಟೋಬರ್ ಎಂಟಕ್ಕೆ. ಹನ್ನೊಂದು ಸಾವಿರ ಹುಡುಗಿಯರಿದ್ದ ಸಂಘ. ಈಗ ಎಂಬತ್ಮೂರು ಅಜ್ಜಿಯರು.

ಕೊನೆಯಲ್ಲಿ — "ನಿಮ್ಮ ತಂಗಿ ಎಡ್ನಾ ಅವರೂ ತಪ್ಪದೆ ಬರಲಿ."

ಬುಧವಾರ, 7 ಸೆಪ್ಟೆಂಬರ್

ಎಡ್ನಾ ಕಾಗದ ಓದಿದಳು. ಎರಡು ಸಲ. ಮಡಿಚಿ ಚಹಾ ಡಬ್ಬಿಯ ಕೆಳಗಿಟ್ಟಳು.

"ಬರ್ತೀನಿ. ಆದರೆ ತಂಗಿಯಾಗಿ ಬರಲ್ಲ."

ನಾನು ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದೆ. ಸವರುತ್ತಲೇ ಇದ್ದೆ.

"ಕೊನೇ ಸಲ ಅಂತೆ ವಿಲ್ಫ್. ಒಂದು ಸಲ ಹೇಳು. ಮೈಕಲ್ಲಿ. 'ಇವಳು ಎಡ್ನಾ, ನನ್ನ ಹೆಂಡತಿ.' ನಾಲ್ಕು ಪದ. ಸಾಸರ್ ಮಾರೋಕೆ ನಾನ್ನೂರು ಪದ ಆಡ್ತೀಯ."

"ಹೇಳ್ತೀನಿ" ಅಂದೆ.

"ಟೋಸ್ಟು ಹರಿದುಹೋಯ್ತು ನೋಡು" ಅಂದಳು.

ಇದನ್ನು ಎಲ್ಲೂ ಬರೆದಿಟ್ಟಿಲ್ಲ, ಬರೆದುಬಿಡುತ್ತೇನೆ. ಐವತ್ತೆಂಟರ ಫೆಬ್ರವರಿಯಲ್ಲಿ ಮದುವೆ, ನೋಂದಣಿ ಕಚೇರಿಯಲ್ಲಿ. ನಾನು ವಿಲ್ಫ್ ಸ್ಕೋಲ್ಸ್, ಹತ್ತಿ ಗಿರಣಿಯಲ್ಲಿ ಕದಿರು ಬದಲಿಸುವವನು. ಸೆಪ್ಟೆಂಬರಿನಲ್ಲಿ ಜಿಲ್ ಹುಟ್ಟಿದಳು. ಮರು ವರ್ಷ ಗಿಟಾರ್ ಹೊತ್ತು ಲಂಡನ್ನಿಗೆ ಹೋದೆ. ಕಾಫಿ ಅಂಗಡಿಯ ನೆಲಮಾಳಿಗೆಯಲ್ಲಿ ಹಾಡುತ್ತಿದ್ದಾಗ ಮ್ಯಾನೇಜರ್ ಟ್ಯಾರಂಟ್ ಸಿಕ್ಕಿದ. ಹೊಸ ಹೆಸರು ಕೊಟ್ಟ. ಕೂದಲಿಗೆ ಎಣ್ಣೆ, ಬಂಗಾರದ ಬಣ್ಣದ ಕೋಟು, ಅಮೆರಿಕದವನ ಹಾಗೆ ತುಟಿ ಸೊಟ್ಟ.

"ಹೆಂಡತಿ ಇದಾಳೆ ಸರ್" ಅಂದೆ.

"ಇಲ್ಲ. ತಂಗಿ ಇದಾಳೆ. ವಿಧವೆ, ಕೈಯಲ್ಲಿ ಕೂಸು. ಗಂಡ ಮಲಯಾದಲ್ಲಿ ಸತ್ತ ಸೈನಿಕ. ನೋಡು ಮರಿ, ಹುಡುಗಿಯರು ರೆಕಾರ್ಡ್ ಕೊಳ್ಳೋದು ಹಾಡಿಗಲ್ಲ. ನಿನ್ನ ಪಕ್ಕದ ಕುರ್ಚಿ ಖಾಲಿ ಇದೆ ಅಂತ."

ಹೀಗೆ ನಾನೇ ಸತ್ತೆ, ನಾನೇ ಅಣ್ಣನಾಗಿ ಪತ್ರಿಕೆಯವರ ಮುಂದೆ ಕಣ್ಣೊರೆಸಿಕೊಂಡೆ.

ಎಡ್ನಾ ಕೇಳಿದ್ದು ಒಂದೇ. "ಎಷ್ಟು ದಿನ?"

"ಆರು ತಿಂಗಳು."

ಭಾನುವಾರ, 18 ಸೆಪ್ಟೆಂಬರ್

ಲೆಕ್ಕ ಹೀಗಿದೆ. ಒಂದು ರೆಕಾರ್ಡು, ಮಾರಾಟದ ಪಟ್ಟಿಯಲ್ಲಿ ಹದಿನೇಳನೇ ಸ್ಥಾನ, ಎರಡು ವಾರ. ಒಂಬತ್ತು ಸಲ ಟೀವಿ. ನಾಲ್ಕು ಪ್ರವಾಸ — ಬಸ್ಸಿನಲ್ಲಿ, ನಾಯಿ ಕುಣಿಸುವವನ ಜೊತೆ, ಗೊಂಬೆಯನ್ನು ಮಾತಾಡಿಸುವವನ ಜೊತೆ. ಅರವತ್ಮೂರರಲ್ಲಿ ಗಿಟಾರ್ ಹಿಡಿದ ನಾಲ್ಕು ನಾಲ್ಕು ಹುಡುಗರ ಗುಂಪುಗಳು ಬಂದವು. ನನ್ನ ಕೋಟು ರಾತ್ರೋರಾತ್ರಿ ಹಳೆಯದಾಯಿತು. ಆಮೇಲೆ ಮೂರು ಬೇಸಿಗೆ, ಜನ ರಜೆ ಕಳೆಯುವ ಶಿಬಿರಗಳಲ್ಲಿ ಹಾಡು. ಆಮೇಲೆ ಪಿಂಗಾಣಿ.

ಹಾಡು ನಿಂತರೂ ಸುಳ್ಳು ನಿಲ್ಲಲಿಲ್ಲ. ಮಾರ್ಕೆಟ್ಟಿನಲ್ಲಿ, ಬೀದಿಯಲ್ಲಿ ಎಡ್ನಾ ನನ್ನ ಹೆಂಡತಿ ಅಂತ ಎಲ್ಲರಿಗೂ ಗೊತ್ತು. ಬೆರಿಲ್‌ಳ ಜನದ ಎದುರು ಮಾತ್ರ ತಂಗಿ. ವರ್ಷಕ್ಕೊಂದು ಊಟ, ಕ್ರಿಸ್‌ಮಸ್ ಕಾರ್ಡು, ಅಷ್ಟೇ ಅಲ್ಲವೇ ಅಂತ ನನಗೆ ನಾನೇ ಮಾರಿಕೊಂಡೆ. ನಾನು ಒಳ್ಳೆಯ ಮಾರಾಟಗಾರ.

ಅಭಿಮಾನಿಗಳ ಕಾಗದಕ್ಕೆಲ್ಲ ಉತ್ತರ ಬರೆದವಳು ಅವಳೇ. "ನಮ್ಮಣ್ಣನಿಗೆ ಇನ್ನೂ ತಕ್ಕ ಹುಡುಗಿ ಸಿಕ್ಕಿಲ್ಲ." ಅಡುಗೆಮನೆಯ ಮೇಜಿನ ಮೇಲೆ, ಮಗುವನ್ನು ತೊಡೆಯಲ್ಲಿಟ್ಟುಕೊಂಡು.

ಇನ್ನೊಂದಿದೆ. ಬರೆಯಲು ಕೈ ಬರುತ್ತಿಲ್ಲ... ಬರೆಯುತ್ತೇನೆ.

ಅರವತ್ತೈದು. ರಜಾ ಶಿಬಿರ. ಜಿಲ್‌ಗೆ ಆರು ದಾಟಿತ್ತು. ಹೊರಗೆ ನನ್ನನ್ನು 'ಲ್ಯಾನ್ಸ್ ಮಾವ' ಅನ್ನಬೇಕು ಅಂತ ಕಲಿಸಿದ್ದೆವು. ಮಕ್ಕಳ ಓಟದಲ್ಲಿ ಬಿದ್ದು, ಮಂಡಿ ತರಚಿಕೊಂಡು, ನಮ್ಮ ಕೋಣೆಗೆ ಓಡಿ ಬಂದಳು. ಬಾಗಿಲು ಹಾಕಿತ್ತು. ಒಳಗೆ ನಾವಿಬ್ಬರೇ. ಅಳುತ್ತಾ ತೋಳಿಗೆ ಬಿದ್ದು "ಮಾವಾ, ರಕ್ತ" ಅಂದಳು.

ಇಲ್ಲಿ ಅಪ್ಪ ಅನ್ನಬಹುದು ಕಂದ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಚೆನ್ನಾಗಿ ಕಲಿತಿದ್ದಾಳೆ ಅನ್ನಿಸಿತು. ಮೆಚ್ಚಿದೆ.

ಜಿಲ್‌ಗೆ ಈಗ ಮೂವತ್ತಾರು. ಹ್ಯಾಲಿಫ್ಯಾಕ್ಸ್‌ನಲ್ಲಿ ಸಂಸಾರ. ನನ್ನನ್ನು ಏನಂತಲೂ ಕರೆಯುವುದಿಲ್ಲ. "ಕೇಳಿಸ್ತಾ?" ಅಂತ ಮಾತು ಶುರು ಮಾಡುತ್ತಾಳೆ.

ಬುಧವಾರ, 5 ಅಕ್ಟೋಬರ್

ಬಂಗಾರದ ಕೋಟು ಹೊಟ್ಟೆಯ ಹತ್ತಿರ ಕೂಡುತ್ತಿಲ್ಲ. ಎಡ್ನಾ ಹೊಲಿಗೆ ಬಿಚ್ಚಿ ಅಗಲ ಮಾಡಿದಳು. ಬಾಯಲ್ಲಿ ಗುಂಡುಪಿನ್ನು.

"ಉಸಿರು ಎಳ್ಕೊ."

"ಎಳ್ಕೊಂಡೇ ಇದೀನಿ."

"ಹಾಗಾದರೆ ದೇವರೇ ಗತಿ."

ಆಮೇಲೆ ಪುಟ್ಟ ಡಬ್ಬಿ ಕೊಟ್ಟಳು. ನನ್ನ ಮದುವೆಯ ಉಂಗುರ. ಐವತ್ತೊಂಬತ್ತರಿಂದ ಗುಂಡಿಗಳ ಡಬ್ಬಿಯಲ್ಲಿತ್ತು. ನನಗೆ ಹೇಳದೆ ಒಯ್ದು ಅಕ್ಕಸಾಲಿಗನ ಹತ್ತಿರ ದೊಡ್ಡದು ಮಾಡಿಸಿದ್ದಾಳೆ. ನಾನು ಮಲಗಿದ್ದಾಗ ಬೆರಳಿಗೆ ದಾರ ಸುತ್ತಿ ಅಳತೆ ತೆಗೆದಳಂತೆ.

ಸರಿಯಾಗಿ ಕೂತಿತು.

ಜಿಲ್ ಕೂಡ ಬರುತ್ತಾಳಂತೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಂದವಳಲ್ಲ.

ನಾಲ್ಕು ಪದ. ವ್ಯಾನಿನಲ್ಲಿ ಹೇಳಿಕೊಂಡೆ. ಗೋದಾಮಿನಲ್ಲಿ, ಹುಲ್ಲು ತುಂಬಿದ ಪೆಟ್ಟಿಗೆಗಳಿಗೆ ಹೇಳಿದೆ. ಒಂದೂ ತಪ್ಪಲಿಲ್ಲ.

ಶನಿವಾರ, 8 ಅಕ್ಟೋಬರ್, ಬೆಳಿಗ್ಗೆ 7

ಬಿಸಿಲಿದೆ. ಎಡ್ನಾ ಹೊಸ ನೀಲಿ ಉಡುಪು ತೊಟ್ಟು ಅರ್ಧ ಗಂಟೆಯಿಂದ ಮೆಟ್ಟಿಲ ಬುಡದಲ್ಲಿ ಕೂತಿದ್ದಾಳೆ. ಚೀಲ ತೊಡೆಯ ಮೇಲೆ. ನಗುತ್ತಿದ್ದಾಳೆ. ಹೊರಟೆವು.

ಭಾನುವಾರ, 9 ಅಕ್ಟೋಬರ್

ಇದ್ದದ್ದು ಇದ್ದ ಹಾಗೆ. ಅಲಂಕಾರ ಇಲ್ಲದೆ.

ಹನ್ನೆರಡೂವರೆಗೆ ಹೋಟೆಲಿನ ಸಭಾಂಗಣದಲ್ಲಿ ಎಂಬತ್ಮೂರು ಜನ. ಎಣಿಸಿದೆ. ಹ್ಯಾಮು, ಟಿನ್ನಿನ ಸಾಲ್ಮನ್ ಸ್ಯಾಂಡ್‌ವಿಚ್ಚು, ಜೆಲ್ಲಿ. ಎಡ್ನಾ, ಜಿಲ್ ನಾಲ್ಕನೇ ಮೇಜು. ಎಲ್ಲರ ಮುಖದಲ್ಲೂ ಏನೋ ಕಾಯುವ ಕಳೆ. ಹಾಡಿಗಾಗಿ ಅಂದುಕೊಂಡೆ.

ಹಾಡುವ ಮುಂಚೆ ಶೌಚಕ್ಕೆ ಹೋದೆ. ಕನ್ನಡಿ ಮುಂದೆ ಉಂಗುರ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿದೆ. ಮೈಕಿಗೆ ತಗುಲಿ ಟಿಕ್ ಟಿಕ್ ಅನ್ನುತ್ತದೆ ಅಂತ. ನನಗೆ ನಾನೇ ಹೇಳಿಕೊಂಡ ಕಾರಣ ಇದು.

ಐದು ಹಾಡು. ಕೊನೆಯದು ಆ ಹದಿನೇಳನೇ ನಂಬರು. ಮಂಡಿ ಊರಬೇಕಾದ ಕಡೆ ಊರಿದೆ, ಏಳಲು ಡ್ರಮ್ಮಿನವನು ಕೈ ಕೊಟ್ಟ. ಕಿರುಚಿದರು. ನಿಜವಾಗಿ ಕಿರುಚಿದರು, ಹದಿನಾರರ ಹುಡುಗಿಯರ ಹಾಗೆ. ಬೆವರು ಕಣ್ಣಿಗಿಳಿಯಿತು. ಮೈಕು ಹಿಡಿದೆ. ನಾಲ್ಕನೇ ಮೇಜಿನ ಕಡೆ ಕೈ ಚಾಚಿದೆ. ಎಡ್ನಾ ಆಗಲೇ ಕುರ್ಚಿಯಿಂದ ಅರ್ಧ ಎದ್ದಿದ್ದಳು.

"ಇವಳು ಎಡ್ನಾ" ಅಂದೆ. "ನನ್ನ ಪ್ರೀತಿಯ ತಂಗಿ! ಜೋರಾಗಿ ಚಪ್ಪಾಳೆ ತಟ್ಟಿ!"

ಬಾಯಿ ತಪ್ಪಿತು ಅಂತ ಬರೆದುಕೊಳ್ಳಬಹುದು. ಯಾರೂ ಓದದ ಪುಸ್ತಕದಲ್ಲೂ ಸುಳ್ಳೇಕೆ? 'ನನ್ನ' ಆದಮೇಲೆ ಒಂದು ಉಸಿರಿನಷ್ಟು ಜಾಗ ಇತ್ತು. ಆ ಉಸಿರಿನಲ್ಲಿ ಎಲ್ಲವೂ ಗೊತ್ತಿತ್ತು. ಇನ್ನೊಂದು ಮಧ್ಯಾಹ್ನ, ಇನ್ನೊಂದೇ ಮಧ್ಯಾಹ್ನ ನನ್ನ ಪಕ್ಕದ ಕುರ್ಚಿ ಖಾಲಿ ಇರಲಿ ಅನ್ನಿಸಿತು. ಐವತ್ತಾರು ವರ್ಷದವನಿಗೆ. ಸೊಂಟಕ್ಕೆ ಪಟ್ಟಿ ಬಿಗಿದವನಿಗೆ.

ಚಪ್ಪಾಳೆ ತಡವಾಗಿ ಬಂತು. ಚದುರಿ ಚದುರಿ ಬಂತು. ಎಡ್ನಾ ಪೂರ್ತಿ ಎದ್ದಳು. ಕೈ ಬೀಸಿದಳು. ಕೂತಳು. ಜಿಲ್ ಕರವಸ್ತ್ರ ಮಡಿಚುತ್ತಿದ್ದಳು. ನನ್ನನ್ನು ನೋಡಲಿಲ್ಲ.

ಚಹಾದ ಹೊತ್ತಿಗೆ ಕೇಕು ಬಂತು. ಆಗಲೇ ತುಂಡು ಮಾಡಿತ್ತು. ಒಣಹಣ್ಣಿನ ಒಳ್ಳೆಯ ಕೇಕು, ಆದರೆ ಮೇಲಿನ ಸಕ್ಕರೆಯ ಹೊದಿಕೆಯನ್ನು ಚಾಕುವಿನಿಂದ ಕೆರೆದು ತೆಗೆದಿತ್ತು. ಯಾಕಿರಬಹುದು ಅಂತ ಒಂದು ಕ್ಷಣ ಅನ್ನಿಸಿತು. "ಬಹಳ ಚೆನ್ನಾಗಿದೆ ಬೆರಿಲ್" ಅಂದೆ. ಎರಡು ತುಂಡು ತಿಂದೆ.

ಮೂರು ಗಂಟೆಗೆ ಬೆರಿಲ್ ನನ್ನನ್ನು ಸಮುದ್ರದ ಕಟ್ಟೆಗೆ ಕರೆದೊಯ್ದಳು. ಕೋಲು ಊರಿಕೊಂಡು. ಮೂವತ್ತೈದು ವರ್ಷದಿಂದ ನನ್ನನ್ನು 'ಲ್ಯಾನ್ಸ್, ನೀವು' ಅನ್ನುತ್ತಿದ್ದವಳು.

"ವಿಲ್ಫ್" ಅಂದಳು. "ನೀನು ಎಂಥಾ ಮನುಷ್ಯ ಮಾರಾಯ?"

ನನ್ನ ನಿಜ ಹೆಸರು ಅವಳಿಗೆ ಹೇಗೆ ಗೊತ್ತು ಅಂತ ಕೇಳಿದೆ. ಅದನ್ನು ಕೇಳಿದೆ, ಮೊದಲು!

"ಅರವತ್ತೊಂದರಿಂದ ಗೊತ್ತು. ನಿನಗೆ ಸ್ಕಾರ್ಫ್ ಹೆಣೆದು ತಂದಿದ್ದೆ, ನಿನ್ನ ಮನೆ ಹುಡುಕ್ಕೊಂಡು. ನೀನಿರಲಿಲ್ಲ. ಬಾಗಿಲಲ್ಲಿ ಮಗು ನಿಂತಿತ್ತು. ನಿನ್ನದೇ ಗಲ್ಲ. ಗುಳಿ ಸಮೇತ. ಎಡ್ನಾ ಒಳಗೆ ಕರೆದು ಚಹಾ ಕೊಟ್ಟಳು, ಎಲ್ಲ ಹೇಳಿದಳು."

"ಬೇರೆಯವರಿಗೆ?"

"ಎಲ್ಲರಿಗೂ ಗೊತ್ತು. ಇವತ್ತು ಬಂದಿದ್ದ ಎಂಬತ್ಮೂರು ಜನಕ್ಕೂ. ಅವಳೇ ಬೇಡ್ಕೊಂಡಳು, ಅವನಿಗೆ ಗೊತ್ತಾಗದ ಹಾಗೆ ಇರಿ, ನಾಚ್ಕೋತಾನೆ ಅಂತ. ನಾವೂ ಸುಮ್ಮನಿದ್ವಿ. ನಿನ್ನ ಮೇಲಿನ ಪ್ರೀತಿಗೆ ಅಂದುಕೊಂಡೆಯಾ? ಅವಳ ಮೇಲಿನದಕ್ಕೆ."

ಸಮುದ್ರ ಬಹಳ ದೂರ ಹಿಂದೆ ಸರಿದಿತ್ತು. ಬರೀ ಕೆಸರು.

"ಹೋದ ತಿಂಗಳು ಅವಳೇ ಫೋನ್ ಮಾಡಿದ್ಲು. 'ಈ ಸಲ ಹೇಳ್ತಾನಂತೆ ಬೆರಿಲ್!' ಎಷ್ಟು ಖುಷಿ! ಅದಕ್ಕೇ ಕಣೋ ಎಲ್ಲರೂ ಬಂದದ್ದು. ಹಾಡಿಗಲ್ಲ. ಕೇಕಿನ ಮೇಲೆ ಬರೆಸಿದ್ವಿ, ವಿಲ್ಫ್, ಎಡ್ನಾ, ಮೂವತ್ತಾರು ವರ್ಷ ಅಂತ. ನೀನು ಆ ಮಾತು ಆಡಿದ ಕೂಡಲೇ ನಾನು ಒಳಗೆ ಹೋಗಿ ಕೆರೆದೆ."

ಎರಡು ತುಂಡು ತಿಂದಿದ್ದೆ.

ಸೋಮವಾರ, 10 ಅಕ್ಟೋಬರ್

ಎಡ್ನಾ ಸೂಟ್‌ಕೇಸ್ ತುಂಬಿದಳು. ಜಗಳ ಇಲ್ಲ. ನನ್ನ ಅಂಗಿಗಳಿಗೆ ಇಸ್ತ್ರಿ ಹಾಕಿಟ್ಟಳು. ಫ್ರಿಜ್ಜಿನಲ್ಲಿ ಮಾಂಸದ ಪೈ.

"ಎಲ್ಲಿಗೆ?"

"ಜಿಲ್ ಮನೆಗೆ."

"ಎಷ್ಟು ದಿನ?"

ನಕ್ಕಳು. "ಆರು ತಿಂಗಳು ಅಂದ್ಕೋ."

ತಡೆದೆ. ಬಾಗಿಲಿಗೆ ಅಡ್ಡ ನಿಂತೆ. ಬಾಯಿಗೆ ಬಂದದ್ದೆಲ್ಲ ಆಡಿದೆ. ಜನ ನೋಡಿ ಗಾಬರಿ, ಹಳೇ ಅಭ್ಯಾಸ, ನಾಲಿಗೆ... ಅವಳು ಮೆತ್ತಗೆ ನನ್ನ ತೋಳು ಸರಿಸಿದಳು.

"ತಂಗಿಯಾದವಳು ಅಣ್ಣನ ಮನೇಲಿ ಎಷ್ಟು ದಿನ ಅಂತ ಇರೋದು ವಿಲ್ಫ್?"

ಮೆಟ್ಟಿಲಿಳಿದು ತಿರುಗಿದಳು. "ಆ ಇನ್ನೊಂದು ಪದ. ಇನ್ನು ಮೇಲೆ ಬಳಸೋದಾದರೆ ನನ್ನ ಕೇಳಿ ಬಳಸು."

ಗುರುವಾರ, 27 ಅಕ್ಟೋಬರ್

ಹದಿನೇಳು ದಿನ. ನನ್ನ ಅದೃಷ್ಟದ ಸಂಖ್ಯೆ.

ಉಂಗುರ ಹಾಕಿಕೊಂಡಿದ್ದೇನೆ. ತಟ್ಟೆ ತಟ್ಟಿ ತೋರಿಸುವಾಗ ಟಿಣ್ ಅನ್ನುತ್ತದೆ. ಮೈಕಿಗೆ ತಗುಲಿದರೆ ಏನೂ ಕೇಳಿಸುವುದಿಲ್ಲ. ಪರೀಕ್ಷಿಸಿ ನೋಡಿದೆ.

ಪಕ್ಕದ ತರಕಾರಿ ಅಂಗಡಿಯವನು ಕೇಳಿದ, "ನಿಮ್ಮೋರು ಕಾಣ್ತಿಲ್ವಲ್ಲ?"

"ಹೆಂಡತಿ ಮಗಳ ಮನೆಗೆ ಹೋಗಿದಾಳೆ" ಅಂದೆ. ಎಷ್ಟು ಸಲೀಸಾಗಿ ಬಂತು. ಮೈಕಿನಲ್ಲೂ ಕೂಗಬಹುದಿತ್ತು. ಇಲ್ಲಿ ಹೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ, ಹಾಗಾಗಿ ಅದಕ್ಕೆ ಬೆಲೆಯೂ ಇಲ್ಲ.

ಬೆರಿಲ್‌ಳಿಂದ ಒಂದು ಕಾರ್ಡು. ಸಂಘದ ಪತ್ರಿಕೆಯ ಕೊನೆಯ ಸಂಚಿಕೆ. ನನ್ನಿಂದ ಎಂಟು ಸಾಲು ಬೇಕು. ಶುಕ್ರವಾರ ನಾಲ್ಕನೇ ತಾರೀಖಿನ ಟಪಾಲಿಗೆ ಹಾಕಬೇಕು. ಕೆಳಗೆ ಒಂದೇ ವಾಕ್ಯ: "ಏನು ಬರೀಬೇಕು ಅಂತ ನಾನು ಹೇಳಲ್ಲ."

ಶುಕ್ರವಾರ, 4 ನವೆಂಬರ್, ಮಧ್ಯಾಹ್ನ 3.40

ಐದೂವರೆಗೆ ಟಪಾಲು ತೆಗೆಯುತ್ತಾರೆ.

ಏಳು ಸಾಲು ಆಯಿತು. ಮೋರ್ಕಮ್‌ನಲ್ಲಿ ನಾನು ನಿಮ್ಮೆಲ್ಲರ ಎದುರು ಸುಳ್ಳಾಡಿದೆ ಅಂತ ಮೊದಲನೆಯದು. ನಿಮಗೆಲ್ಲ ಗೊತ್ತಿತ್ತು ಅಂತ ಎರಡನೆಯದು. ತಮಾಷೆ ಒಂದೂ ಇಲ್ಲ. ಎರಡು ಬಂದಿದ್ದವು, ಹೊಡೆದುಹಾಕಿದೆ. ಮಗಳ ಹೆಸರು ಬರೆದಿದ್ದೇನೆ, ಪೂರ್ತಿಯಾಗಿ.

ಎಂಟನೆಯದು ಆ ನಾಲ್ಕು ಪದ. ಕೇಳದೆ ಬರೆಯುವ ಹಾಗಿಲ್ಲ.

4.20

ಫೋನ್ ಮಾಡಿದೆ. ಐದು ಸಲ ಬಡಿದುಕೊಂಡಿತು. ಎಡ್ನಾ ಎತ್ತಲಿಲ್ಲ. ಜಿಲ್ ಎತ್ತಿದಳು.

"ಎಡ್ನಾ ಇದಾಳಾ?" ಅಂದೆ.

ಹಿಂದೆ ಎಲ್ಲೋ ನಲ್ಲಿಯ ನೀರಿನ ಸದ್ದು, ಪಾತ್ರೆಯ ಸದ್ದು. ಆಮೇಲೆ ನೀರು ನಿಂತಿತು. ಯಾರೋ ಕಿವಿಗೊಟ್ಟ ಹಾಗೆ.

"ಯಾರು ಮಾತಾಡ್ತಿರೋದು?" ಅಂದಳು ಜಿಲ್. ನನ್ನ ದನಿ ಅವಳಿಗೆ ಗೊತ್ತಾಗದೆ ಇರುತ್ತದೆಯೇ. ಆದರೂ ಕೇಳಿದಳು. ಕೇಳಿ, ಕಾದಳು.

"ನಾನು, ಜಿಲ್" ಅಂದೆ.

"ನಾನು ಅಂದ್ರೆ?" ಅವಳಿಗೆ ಬೇಕಿದ್ದದ್ದು ಒಂದೇ ಪದ, ಶಿಬಿರದ ಆ ಕೋಣೆಯಲ್ಲಿ ನಾನು ಕೊಡದೆ ಬಿಟ್ಟದ್ದು.

ನಾನು