ಚೀಲ ಮಗುಚುವ ತನಕ

ನಿಲಕ್ಕೋಟ್ಟೈ
9 ಜೂನ್ 2025, ಸೋಮವಾರ

ಪ್ರೀತಿಯ ಅಪ್ಪನಿಗೆ, ನಿಮ್ಮ ಪಾಂಡಿಯ ನಮಸ್ಕಾರ.

ಹೇಗಿದ್ದೀರಿ? ಮೊಣಕಾಲು ನೋವು ಇಳಿದಿದೆಯೇ? ತಿರುಪ್ಪೂರಿನ ನೀರು ಒಗ್ಗಿತೇ? ನಾಗಮ್ಮಾಳ್ ಬೆಳಿಗ್ಗೆ ರಾಗಿ ಕಳಿ ತಿರುವಿಕೊಡುತ್ತಾಳೋ, ಇಲ್ಲ ನಿಮಗೂ ಬ್ರೆಡ್ಡೇ ಗತಿಯೋ? ತಮ್ಮನ ಹೆಂಡತಿಯ ಮೇಲೆ ದೂರು ಹೇಳುತ್ತಿಲ್ಲ, ಅವಳು ಚಿನ್ನದಂಥವಳು. ಬನಿಯನ್ ಕಂಪನಿಗೆ ಓಡುವ ಅವಸರ ಅವಳದು. ಇಲ್ಲಿ ನಾವೆಲ್ಲ ಕ್ಷೇಮ. ಕಾಮಯಗೌಂಡನ್‌ಪಟ್ಟಿಯಲ್ಲಿ ನಿಮ್ಮ ಅಳಿಯ ದ್ರಾಕ್ಷಿ ಬಳ್ಳಿ ಸವರಿಸಿದ್ದಾರೆ, ಚಿಗುರು ಚೆನ್ನಾಗಿ ಬಂದಿದೆಯಂತೆ. ಫೋನು ಮಾಡಿದರೆ ನಾನು ಕೂಗುವ ಕೂಗಿಗೆ ಇಲ್ಲಿಯ ಕೆಲಸದವರ ಹಾಸ್ಟೆಲ್ಲಿನ ಹುಡುಗಿಯರೆಲ್ಲ ಬಾಗಿಲಿಗೆ ಬರುತ್ತಾರೆ, ನಿಮಗೆ ಮಾತ್ರ ಏನೂ ಕೇಳುವುದಿಲ್ಲ. ತಮಿಳಲ್ಲಿ ಬರೆದರೆ ಸರ್ಕಾರಿ ಕಾಗದ ಎಂದು ದಿಂಬಿನ ಕೆಳಗೆ ತಳ್ಳಿಬಿಡುತ್ತೀರಿ. ಅದಕ್ಕೇ ಮನೆಮಾತಿನಲ್ಲೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಓದಿ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ನಾನು ಗೆದ್ದೆ ಅಪ್ಪಾ! ಊಂಜಲ್ ತೋಟದಲ್ಲಿ, ಈ ಉಯ್ಯಾಲೆ ಆಟಗಳ ಪಾರ್ಕಿನಲ್ಲಿ, ನನ್ನ ಕೆಲಸ ಕಾಯಂ ಆಯಿತು. ನೀಲಿ ಸೀರೆ, ಎದೆಯ ಮೇಲೆ ನನ್ನ ಹೆಸರಿನ ಬಿಲ್ಲೆ, ಕೈಯಲ್ಲಿ ಮೈಕು. ಇಲ್ಲಿಯ ಬೆಟ್ಟದ ರೈಲಿನಲ್ಲಿ ಕೂತು ಸುತ್ತುವವರಿಗೆಲ್ಲ ಈ ತೋಟದ ಕಥೆ ಹೇಳುವುದು ಇನ್ನು ಮುಂದೆ ನನ್ನ ಕೆಲಸ. ಈ ವಯಸ್ಸಿನಲ್ಲಿ ಉಯ್ಯಾಲೆ ಆಡಲು ಹೊರಟಳು ಎಂದು ನಮ್ಮ ಬೀದಿಯಲ್ಲಿ ನಕ್ಕವರ ಮುಂದೆ ಆ ಬಿಲ್ಲೆ ಚುಚ್ಚಿಕೊಂಡೇ ಹೋಗುತ್ತೇನೆ. ಮಾರಿಯಮ್ಮಾಳ್ ಮನೆ ಮುಂದೆ ಎರಡು ಸಲ ಹೋಗುತ್ತೇನೆ.

ಇದು ಸುಲಭಕ್ಕೆ ಆಗಲಿಲ್ಲ. ಇಲ್ಲಿ ಸೇರಿದವರೆಲ್ಲ ಮೊದಲು ಕಂಪನಿಯ ಚರಿತ್ರೆ ಕಲಿಯಬೇಕು. ತಂಪು ಕೋಣೆಯಲ್ಲಿ ಕೂರಿಸಿ ಗೋಡೆಯ ಮೇಲೆ ಚಿತ್ರ ಬಿಟ್ಟು ಪಾಠ ಮಾಡುತ್ತಾರೆ. ಕೊನೆಗೆ ಪರೀಕ್ಷೆ. ಪಾಸಾದವರಿಗೆ ಕಥೆ ಹೇಳುವ ಕೆಲಸ, ಆಗದವರು ನೀರಿನ ಕೊಳದ ಹತ್ತಿರ ರಬ್ಬರ್ ಟ್ಯೂಬು ಎತ್ತಿ ಕೊಡುತ್ತಾ ನಿಲ್ಲಬೇಕು. ಟ್ಯೂಬು ಎತ್ತುವುದು ಕೀಳು ಎನ್ನುತ್ತಿಲ್ಲ. ಆದರೆ ನನಗೆ ಬಾಯಿ ಕೊಟ್ಟು ಹುಟ್ಟಿಸಿದವರು ನೀವು. ಆ ಬಾಯಿಗೆ ಒಂದು ಕೆಲಸ ಸಿಗಲಿ ಎಂಬ ಆಸೆ ನನಗೆ ಎಷ್ಟಿತ್ತು ಎಂದು ನಿಮ್ಮ ಅಳಿಯನಿಗೂ ಹೇಳಿರಲಿಲ್ಲ. ನನ್ನ ಜೊತೆ ಕಲಿಯುವವರೆಲ್ಲ ಕಾಲೇಜು ಮುಗಿಸಿ ಬಂದ ಮಕ್ಕಳು. ನನ್ನ ಪಕ್ಕ ಕೂರುವ ಅಭಿರಾಮಿ ನಮ್ಮವರ ಹುಡುಗಿಯೇ, ಕಂಬಂ ಕಡೆಯವಳು. ಮನೆಮಾತು ಎಲ್ಲ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ತಮಿಳು. ಅವಳು ಒಂದು ಸಲ ಕೇಳಿದರೆ ಸಾಕು, ಯಾವ ವರ್ಷ ಯಾವ ಆಟ ಬಂತು ಎಂದು ಪಟಪಟನೆ ಒಪ್ಪಿಸುತ್ತಾಳೆ. ನನಗೆ ವರ್ಷಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತಿದ್ದವು.

ಆದರೆ ಚರಿತ್ರೆ ಶುರುವಾಗುವುದು ಎಲ್ಲಿಂದ ಗೊತ್ತೇ? ಕಪಿಲೆಯಿಂದ! ಈ ತೋಟ ಕಟ್ಟಿದ ಪೆರಿಯವರು, ಹಳೇ ಯಜಮಾನರು, ಮಲ್ಲಿಗೆ ಬೆಳೆಯುತ್ತಿದ್ದರಂತೆ. ಎತ್ತು ಎಳೆದು, ತೊಗಲಿನ ಚೀಲದಲ್ಲಿ ನೀರೆತ್ತಿ ಕಾಲುವೆಗೆ ಮಗುಚುವ ಕಪಿಲೆಯನ್ನು ಬಾವಿಗೆ ಕಟ್ಟಿದ್ದರು. ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ಹೂ ಬಿಡಿಸುವವರ ಮಕ್ಕಳನ್ನು ಹಗ್ಗದ ಮೇಲೆ ಕೂರಿಸಿ ಜಾರಿಸುತ್ತಿದ್ದರಂತೆ. ಅದೇ ಈ ಕಂಪನಿಯ ಮೊದಲ ಆಟ. ಆಮೇಲೆ ಹುಣಸೆಮರಕ್ಕೆ ಉಯ್ಯಾಲೆ, ಆಮೇಲೆ ಮರದ ತೊಟ್ಟಿಲ ರಾಟೆ, ಆಮೇಲೆ ಅಲೆ ಏಳುವ ಕೊಳ, ಈಗ ಬೆಟ್ಟದ ರೈಲು. ಗೋಡೆಯ ಮೇಲೆ ಕಪಿಲೆಯ ಚಿತ್ರ ಬಂದದ್ದೇ ತಡ, ನನ್ನ ಕಿವಿಯಲ್ಲಿ ನಿಮ್ಮ ಹಾಡು ಎದ್ದಿತು. ಕಪಿಲೆ ಹೋಗಿ ಕರೆಂಟು ಮೋಟರ್ ಬಂದ ಮೇಲೂ ನೀವು ಅದರ ಮುಂದೆ ನಿಂತು ಹಾಡುತ್ತಿದ್ದಿರಿ, ಅವ್ವ ಬೈಯುತ್ತಿದ್ದಳು, “ಮೋಟರ್‌ಗೂ ಪಾಟು ಹಾಡ್ಬೇಕಾ? ಅದೇನು ಎತ್ತಾ?” ಎಂದು. ಒಂದೊಂದು ಚೀಲ ನೀರಿಗೆ ಒಂದೊಂದು ಸಾಲು. ಹಾಡು ನಿಂತರೆ ಎತ್ತು ನಿಲ್ಲುತ್ತದೆ, ಎತ್ತು ನಿಂತರೆ ತುಂಬಿದ ಚೀಲ ಬಾವಿಯಲ್ಲಿ ತೂಗಾಡುತ್ತದೆ, ಅದಕ್ಕೇ “ಚೀಲ ಮಗುಚೋ ತನ್ಕ ಬಾಯಿ ಮುಚ್ಬಾರ್ದು ಪಾಂಡಿ” ಎಂದು ನೀವು ಹೇಳಿಕೊಟ್ಟದ್ದು ನನಗೆ ಇನ್ನೂ ನೆನಪಿದೆ. ನಾನು ಕಂಪನಿಯ ಚರಿತ್ರೆಯನ್ನೆಲ್ಲ ಎತ್ತಿ ಆ ಹಾಡಿಗೆ ಹಾಕಿದೆ. ಒಂದನೇ ಚೀಲ ಹಗ್ಗ, ಎರಡನೇ ಚೀಲ ಉಯ್ಯಾಲೆ, ಹೀಗೆ. ಒಂದೇ ವಾರದಲ್ಲಿ ಎಲ್ಲಾ ಬಾಯಿಗೆ ಬಂತು.

ಬಂತು, ಆದರೆ ಒಂದು ತೊಂದರೆಯೂ ಬಂತು. ಪಾಠ ಹೇಳುವ ಮಾದವನ್ ಸಾರ್ ಒಂದು ದಿನ ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ, ಅಲೆಯ ಕೊಳ ಬಂದದ್ದು ಯಾವಾಗ ಎಂದು ಕೇಳಿದರು. ನಾನು ಕಣ್ಣು ಮುಚ್ಚಿ ಒಂದನೇ ಚೀಲದಿಂದ ಶುರು ಮಾಡಿದೆ. ಅವರು ಕೈಗಡಿಯಾರ ನೋಡಿಕೊಂಡರು. “ಪೋದುಮ್ಮಾ, ಪೋದುಂ. ಸಾಕು, ಕೊಳಕ್ಕೆ ನೇರವಾಗಿ ಬನ್ನಿ” ಎಂದರು. ನೇರವಾಗಿ ಹೇಗೆ ಬರಲಿ? ನಡುವಿನಿಂದ ಹೇಳಿದರೆ ಎತ್ತು ನಿಂತುಬಿಡುತ್ತದೆ ಸಾರ್ ಎಂದೆ. ಕೋಣೆಯೆಲ್ಲ ನಕ್ಕಿತು. ಅವರು ಕೆಟ್ಟವರಲ್ಲ, ಮೆತ್ತಗೇ ಹೇಳಿದರು, ರೈಲು ಬೆಟ್ಟ ಸುತ್ತಿ ಇಳಿಯುವಷ್ಟರಲ್ಲಿ ಕಥೆ ಮುಗಿಯಬೇಕು, ನಿಮ್ಮದು ಮುಗಿಯುವಾಗ ಜನ ಊಟ ಮಾಡಿ ಮನೆಗೆ ಹೋಗಿರುತ್ತಾರೆ ಎಂದು. ನನಗೆ ಉರಿದುಹೋಯಿತು. ಆ ದಿನ ಕಣ್ಣೀರೂ ಬಂತು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಶನಿವಾರ ಪರೀಕ್ಷೆ. ರೈಲಿನಲ್ಲೇ ಪರೀಕ್ಷೆ. ಆಂಡಿಪಟ್ಟಿಯಿಂದ ಎರಡು ವ್ಯಾನು ತುಂಬ ಚಿಕ್ಕ ಮಕ್ಕಳು ಬಂದಿದ್ದವು. ಕೊನೆಯ ಬೆಂಚಿನಲ್ಲಿ ಮಾದವನ್ ಸಾರ್, ಅವರ ಪಕ್ಕ ಪೆರಿಯವರ ಮಗಳು ರಂಗಮ್ಮಾಳ್ ಅಮ್ಮ. ಈಗ ತೋಟದ ಯಜಮಾನಿ ಅವರೇ, ತಲೆಯೆಲ್ಲ ಬೆಳ್ಳಗೆ. ಮೊದಲ ಸರದಿ ಅಭಿರಾಮಿಯದು. ರೈಲು ಕೆಳಗಿಳಿಯುವ ಮೊದಲೇ ಮುತ್ತು ಪೋಣಿಸಿದ ಹಾಗೆ ಹೇಳಿ ಮುಗಿಸಿದಳು. ಅವಳು ಮೈಕು ಕೆಳಗಿಟ್ಟಳು, ಕರೆಂಟು ಹೋಯಿತು. ರೈಲು ಬೆಟ್ಟದ ಗುಹೆಯೊಳಗೆ ಇಳಿಜಾರಿನ ನಡುವೆ ಗಕ್ಕನೆ ನಿಂತಿತು. ಕತ್ತಲೆ ಎಂದರೆ ಕತ್ತಲೆ. ಮುಂದಿನ ಸಾಲಿನ ಒಂದು ಮಗು ಅತ್ತಿತು, ಅದನ್ನು ಕೇಳಿ ಇನ್ನೊಂದು, ಕೊನೆಗೆ ಎಲ್ಲವೂ. ಒಂದೆರಡು ಮಕ್ಕಳು ಇಳಿಯಲು ಕಾಲು ಹೊರಗೆ ಹಾಕಿದವು. ಹಳಿಯ ಪಕ್ಕ ಹಳ್ಳವಿದೆ ಅಪ್ಪಾ. ಟೀಚರು ಕೂಗಿದರೆ ಅಳು ಇನ್ನೂ ಜೋರಾಗುತ್ತಿತ್ತು. ಮಾದವನ್ ಸಾರ್ ಹೇಳಬೇಕಾದದ್ದನ್ನೆಲ್ಲ ಹೇಳಿದರು, ಯಾರೂ ಕೇಳಿಸಿಕೊಳ್ಳಲಿಲ್ಲ.

ಇಳಿಜಾರಿನ ನಡುವೆ ತುಂಬಿದ ಚೀಲ ನಿಂತಿದೆ ಎಂದೇ ನನಗೆ ಅನಿಸಿತು. ಎದ್ದು ನಿಂತೆ, ಮೈಕಿಲ್ಲದ ಗಂಟಲಿನಲ್ಲಿ ಎತ್ತಿದೆ.

“ಒಂದ್ನೇ ಚೀಲ ಬತ್ತದೆ, ಹಗ್ಗದ ಮ್ಯಾಲೆ ಕೂತ್ಕೋ ಕಂದಾ,
ಎಳಿ ಬಸವಾ, ಇಳಿ ಬಸವಾ!”

ಮಕ್ಕಳಿಗೆ ಅರ್ಥವಾಗಲಿಲ್ಲ, ಆದರೆ ಬಸವಾ ಎನ್ನುವಲ್ಲಿ ಸೀಟು ಬಡಿಯಬೇಕು ಎಂದು ತಮಿಳಲ್ಲಿ ಹೇಳಿಕೊಟ್ಟೆ. ಉಯ್ಯಾಲೆಯ ಹೊತ್ತಿಗೆ ಅಳು ಕಡಿಮೆಯಾಯಿತು. ರಾಟೆಯ ಹೊತ್ತಿಗೆ ಗುಹೆಯೆಲ್ಲ ಬಸವಾ ಬಸವಾ ಎಂದು ಮೊಳಗುತ್ತಿತ್ತು, ಹೊರಗೆ ಹಾಕಿದ ಕಾಲುಗಳೆಲ್ಲ ಒಳಗೆ ಬಂದಿದ್ದವು. ಅಭಿರಾಮಿ ನನ್ನ ಪಕ್ಕ ನಿಂತು ಮನೆಮಾತಿನಲ್ಲೇ ಹಾಡತೊಡಗಿದಳು, ನಾಚಿಕೆ ಎಲ್ಲಿ ಹೋಯಿತೋ! ಅಲೆಯ ಕೊಳ ಮುಗಿಯಿತು, ಬೆಟ್ಟದ ರೈಲು ಮುಗಿಯಿತು, ಚರಿತ್ರೆಯೇ ಮುಗಿಯಿತು. ಕರೆಂಟು ಬರಲಿಲ್ಲ. ಚೀಲ ಮಗುಚಿಲ್ಲ, ನಾನು ಹೇಗೆ ನಿಲ್ಲಿಸಲಿ? ಆಂಡಿಪಟ್ಟಿ ಮಕ್ಕಳು ಬಂದದ್ದು, ರೈಲು ಕತ್ತಲಲ್ಲಿ ನಿಂತದ್ದು, ಮಾದವನ್ ಸಾರ್ ಬೆವರಿದ್ದು, ಒಂದೊಂದು ಮಗುವಿನ ಹೆಸರು, ಎಲ್ಲಕ್ಕೂ ಒಂದೊಂದು ಚೀಲ ಎತ್ತಿದೆ. ಕೊನೆಗೆ ದೀಪ ಹತ್ತಿತು, ರೈಲು ಕದಲಿತು. ಆಗಲೂ ನಾನು ನಿಲ್ಲಿಸಲಿಲ್ಲ. ಕೆಳಗೆ ಬಂದು ಚಕ್ರ ನಿಂತ ಮೇಲೆಯೇ ಬಾಯಿ ಮುಚ್ಚಿದೆ. ಮಕ್ಕಳು ಇಳಿಯಲು ಒಪ್ಪಲಿಲ್ಲ, ಇನ್ನೊಂದು ಸುತ್ತು ಬೇಕೆಂದವು.

ರಂಗಮ್ಮಾಳ್ ಅಮ್ಮ ನನ್ನ ಕೈ ಹಿಡಿದುಕೊಂಡರು, ಅವರ ಕಣ್ಣು ತುಂಬಿತ್ತು. ತಾವೂ ಚಿಕ್ಕಂದಿನಲ್ಲಿ ಆ ಹಗ್ಗದ ಮೇಲೆ ಕೂತಿದ್ದರಂತೆ, ಕಪಿಲೆ ಹೊಡೆಯುವವನು ಹಾಡುತ್ತಿದ್ದನಂತೆ. ನಮ್ಮ ಚರಿತ್ರೆಯಲ್ಲಿ ಹಗ್ಗ ಬರೆದಿದ್ದೇವೆ, ಹಾಡು ಬರೆಯುವುದನ್ನು ಮರೆತೆವು ಎಂದರು. ಮಾದವನ್ ಸಾರ್ ನಗುತ್ತಾ, “ಅಮ್ಮಾ, ಇನ್ಮೇಲೆ ರೈಲೇ ನಿಮ್ಮ ಪಾಟಿಗೆ ಕಾಯಲಿ” ಎಂದರು. ಅಭಿರಾಮಿಗೂ ನನಗೂ ಒಟ್ಟಿಗೆ ಬಿಲ್ಲೆ ಕೊಟ್ಟರು. ನಾನು ಆ ಬಿಲ್ಲೆ ಚುಚ್ಚಿಕೊಂಡೇ ಮಲಗಿದೆ, ಹುಡುಗಿಯರು ಇನ್ನೂ ಅಣಕಿಸುತ್ತಿದ್ದಾರೆ.

ತಮ್ಮ ರಾಜಾನಿಗೂ ನಾಗಮ್ಮಾಳಿಗೂ ನನ್ನ ನೆನಪು ತಿಳಿಸಿ. ನಿಮ್ಮ ಮೊಮ್ಮಗ ಸೂರ್ಯನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ. ನೀವು ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ, ಕಳಿ ಬೇಕೆಂದು ಬಾಯಿ ಬಿಟ್ಟು ಕೇಳಿ.

ನಿಮ್ಮ ಮುದ್ದಿನ, ಈಗ ಬಿಲ್ಲೆಯೂ ಇರುವ ಮಗಳು,
ಪಾಂಡೀಶ್ವರಿ

ಮರೆತೆ, ಅಂಚೆ ಕಟ್ಟುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇದು ಯಾರ ಹಾಡು ಎಂದು ರಂಗಮ್ಮಾಳ್ ಅಮ್ಮ ಕೇಳಿದರು. ನಮ್ಮಪ್ಪ ಕರುಪ್ಪಸಾಮಿಯದು ಎಂದೆ. ಮುಂದಿನ ತಿಂಗಳು ತೋಟದ ಹುಟ್ಟುಹಬ್ಬಕ್ಕೆ ಹಳೇ ಬಾವಿಯ ಮುಂದೆ ನೀವೇ ಹಾಡಬೇಕಂತೆ. ನಿಮ್ಮನ್ನು ಕೇಳದೆ ಆಗಲಿ ಎಂದುಬಿಟ್ಟೆ, ಬೈಯಬೇಡಿ. ರಾಜಾ ಬಸ್ಸಿಗೆ ಹತ್ತಿಸುತ್ತಾನೆ. ಸೂರ್ಯನ ಮದುವೆಯಲ್ಲಿ ನೀವು ಹಾಡಲು ಶುರು ಮಾಡಿದಿರಿ, ಕಿವಿ ಕೇಳದವನ ಶ್ರುತಿ ನೋಡು ಎಂದು ಯಾರೋ ನಕ್ಕರು, ಅವರ ಮುಖ ನೋಡಿಯೇ ನಿಮಗೆ ತಿಳಿದುಹೋಯಿತು. ನಡುವಲ್ಲೇ ನಿಲ್ಲಿಸಿಬಿಟ್ಟಿರಿ. ಅಂದಿನಿಂದ ಮತ್ತೆ ಹಾಡಿಲ್ಲ. ನಿಮಗೆ ಕೇಳಿಸದಿದ್ದರೂ ಪರವಾಗಿಲ್ಲ, ನಾನು ಪಕ್ಕದಲ್ಲಿ ಕೂತು ನಿಮ್ಮ ತೊಡೆಯ ಮೇಲೆ ತಾಳ ಹಾಕುತ್ತೇನೆ, ಬಸವಾ ಎನ್ನಲು ಆಂಡಿಪಟ್ಟಿ ಮಕ್ಕಳು ಬರುತ್ತಾರೆ. ಆ ಮದುವೆಯ ದಿನ ನೀವು ಎತ್ತಿದ ಚೀಲ ಇನ್ನೂ ಬಾವಿಯ ನಡುವೆಯೇ ತೂಗಾಡುತ್ತಿದೆ ಅಪ್ಪಾ. ಬಂದು ಮಗುಚಿ.