ನಮ್ಮೂರಿನ ಮಾಫ್

ಹಾಸ್ಟೆಲ್, ಬೆಳಗಾವಿ
ಫೆಬ್ರವರಿ ೪, ಬುಧವಾರ

ಗಡಿಯಾಚೆಯ ಕಹಕಶಾ ಬಾಯಿಯವರಿಗೆ, ನಿಪ್ಪಾಣಿಯ ಅದೇ ಓಣಿಯ ನೀಲಮಳ ನಮಸ್ಕಾರ, ಸಲಾಮ್, ಜೊತೆಗೆ ಬೆನ್ನಿಗೊಂದು ಗುದ್ದು.

ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಈಗಿನ ಕಾಲದಲ್ಲಿ ಟಪಾಲಿನಲ್ಲಿ ಕಾಗದ ಬಂದರೆ ಒಂದೋ ಬ್ಯಾಂಕಿನದು, ಇಲ್ಲವೇ ಕೋರ್ಟಿನದು. ಇದೂ ಕೋರ್ಟಿನದೇ, ಆದರೆ ಸ್ಕ್ವಾಷ್ ಕೋರ್ಟಿನದು. ಫೋನ್ ಮಾಡಬಹುದಿತ್ತು. ಫೋನಿನಲ್ಲಾದರೆ ನೀನು ನಕ್ಕು ಮಾತು ತೇಲಿಸುತ್ತೀ, ನನಗೆ ಸಿಟ್ಟು ಬರುತ್ತದೆ, ನಾನು ಕಟ್ ಮಾಡುತ್ತೇನೆ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಬಾಯಿ ಹಾಕುವಂತಿಲ್ಲ.

ಕೇಳುವುದು ಒಂದೇ ಪ್ರಶ್ನೆ. ಭಾನುವಾರ ಚಿಕ್ಕೋಡಿಯಲ್ಲಿ ನೀನು ನನಗೆ ಬೇಕಂತಲೇ ಸೋತೆಯಾ?

ಹೌದು ಅನ್ನುವುದಾದರೆ ಈ ಕಪ್ ನನಗೆ ಬೇಡ. ನಮ್ಮ ವಿದ್ಯಾಪೀಠಕ್ಕೆ ಎಷ್ಟೋ ವರ್ಷಗಳ ಮೇಲೆ ಬಂದ ಕಪ್ ಇದು. ಹುಡುಗಿಯರು ಅದರಲ್ಲಿ ಸಾಬೂದಾಣಿ ಖಿಚಡಿ ಸುರಿದುಕೊಂಡು ತಿಂದರು, ಕುಣಿದರು, ನನ್ನನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿಯಲು ಹೋಗಿ ಕೆಡವಿದರು. ನಾನು ಮಾತ್ರ ನನ್ನ ಪಾಲನ್ನು ಪಕ್ಕದವಳಿಗೆ ದಾಟಿಸಿದೆ. ಗೆದ್ದೆನೋ, ಗೆಲ್ಲಿಸಿದರೋ ಎಂಬುದು ಗೊತ್ತಾಗದೆ ಗೆದ್ದವಳಂತೆ ನಗುತ್ತಾ ಕೂರುವುದು ಎಂಥ ಕಷ್ಟ ಅಂತ ನಿನಗೆ ಗೊತ್ತಿಲ್ಲ.

ನಡೆದದ್ದನ್ನೆಲ್ಲ ನಾನು ಕಂಡ ಹಾಗೆ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ ಬಂದರೂ ಸುಮ್ಮನೆ ಓದು. ತಪ್ಪಿದ್ದರೆ ತಿದ್ದು.

ಎಲ್ಲಕ್ಕೂ ಮೂಲ ನಮ್ಮ ಓಣಿಯ ಹಿಂದಿನ ಆ ಖಾಲಿ ತಂಬಾಕಿನ ಗೋದಾಮು, ನಮ್ಮ ವಖಾರ. ನನ್ನ ಕಾಕಾಸಾಹೇಬ ಮಾಮಾ ಪುಣೆಯ ಕ್ಲಬ್ಬೊಂದರ ಕ್ಯಾಂಟೀನ್ ಕೆಲಸ ಬಿಟ್ಟು ಬರುವಾಗ, ಅಲ್ಲಿಯವರು ಬಿಸಾಕಿದ ಎರಡು ರ‍್ಯಾಕೆಟ್ ತಂದಿದ್ದ. "ಈ ಆಟಕ್ಕ ನೆಟ್ಟೂ ಬ್ಯಾಡ, ಬಯಲೂ ಬ್ಯಾಡ. ಒಂದ ಗ್ವಾಡಿ ಸಾಕು" ಅಂದ. ಇಬ್ಬರೂ ಒಂದೇ ಗೋಡೆಗೆ ಮುಖ ಮಾಡಿ, ಒಬ್ಬಳಾದ ಮೇಲೆ ಒಬ್ಬಳು ಚೆಂಡು ಹೊಡೆಯಬೇಕು. ಎದುರಾಳಿ ಎದುರಿಗಿರುವುದಿಲ್ಲ, ಮೊಣಕೈ ತಾಗುವಷ್ಟು ಪಕ್ಕದಲ್ಲಿರುತ್ತಾಳೆ. ಅವಳು ದಾರಿಗೆ ಅಡ್ಡ ಬಂದರೆ ಹೊಡೆಯದೆ ನಿಂತು ಕೂಗಬೇಕು. ಆಗ ಆ ಪಾಯಿಂಟನ್ನು ಮೊದಲಿನಿಂದ ಆಡುವುದು. ಏನಂತ ಕೂಗಬೇಕು ಎಂಬ ಇಂಗ್ಲಿಷ್ ಮಾತು ಮಾತ್ರ ಮಾಮಾನಿಗೆ ಮರೆತುಹೋಗಿತ್ತು. ತಂಬಾಕಿನ ಘಾಟಿಗೆ ಸೀನುತ್ತಾ ನಿಂತಿದ್ದ ನೀನು, "ಮಾಫ್ ಅನ್ನೂಣು ತಗೋ" ಅಂದೆ. ಅಷ್ಟೇ, ಅದೇ ಕಾಯ್ದೆಯಾಯಿತು. ಅದಕ್ಕೆ 'ಲೆಟ್' ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದು ಬೆಳಗಾವಿಗೆ ಬಂದ ಮೇಲೆ. ಮೊದಲ ದಿನ ಮಾಫ್ ಅಂದದ್ದಕ್ಕೆ ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ಬೆಳಗಾವಿಗೆ ಇಬ್ಬರೂ ಬರಬೇಕಿತ್ತಲ್ಲ, ಕಹಕಶಾ. ಒಂದೇ ಕಾಲೇಜು, ಹಾಸ್ಟೆಲಿನಲ್ಲಿ ಒಂದೇ ಖೋಲಿ, ಒಂದೇ ತಂಡ ಅಂತ ಮಾತಾಗಿತ್ತು. ಪಿಯುಸಿ ನಿಕಾಲ ಬಂದ ವಾರವೇ ನೀನು ಕೊಲ್ಹಾಪುರಕ್ಕೆ ಹೆಸರು ಹಚ್ಚಿದೆ. ಆ ಸುದ್ದಿ ನನಗೆ ಹೇಳಿದ್ದು ನೀನಲ್ಲ, ಡೇರಿಯ ಸಂಭಾಜಿ. ಹಾಲು ಅಳೆಯುತ್ತಾ, "ನಿನ್ನ ಜೋಡಿ ಮಹಾರಾಷ್ಟ್ರಕ್ಕ ಹೊಂಟಾಳಂತಲಾ" ಅಂದ. ಅವತ್ತು ನಾವು ಬಿಟ್ಟ ಮಾತು, ಮೂರು ವರ್ಷವಾಯಿತು. ನೀನಿಲ್ಲದೆ ನಾನು ಚೆನ್ನಾಗಿಯೇ ಇದ್ದೆ ಅಂತ ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಬೇಕಾದಷ್ಟು ಗೆಳತಿಯರಿದ್ದಾರೆ. ನಿನ್ನ ನೆನಪು ಅಷ್ಟೇನೂ ಆಗಲಿಲ್ಲ.

ಇಬ್ಬರೂ ತಂತಮ್ಮ ವಿದ್ಯಾಪೀಠದ ತಂಡಕ್ಕೆ ಬಂದದ್ದು ಈ ವರ್ಷವೇ. ವಾರ್ಷಿಕ ಪಂದ್ಯ ಯಾರ ನೆಲದಲ್ಲಿ ಆಗಬೇಕು ಎಂಬ ಜಗಳ ಎಂದಿನ ಹಾಗೆ ಎದ್ದು, ನಡುದಾರಿಯಲ್ಲಿರುವ ಚಿಕ್ಕೋಡಿಯಲ್ಲಿ, ಸಕ್ಕರೆ ಕಾರ್ಖಾನೆಯವರು ಕಟ್ಟಿಸಿದ ಹೊಸ ಕೋರ್ಟಿನಲ್ಲಿ ಗೊತ್ತಾಯಿತು. ಐದು ಆಟಗಳಲ್ಲಿ ಎರಡು ನಮಗೆ, ಎರಡು ನಿಮಗೆ. ಕೊನೆಯದು ನಾನು, ನೀನು. ಗಾಜಿನ ಹಿಂದೆ ಅರ್ಧ ಜನ ಕನ್ನಡದಲ್ಲಿ ಕೂಗುತ್ತಿದ್ದರು, ಅರ್ಧ ಜನ ಮರಾಠಿಯಲ್ಲಿ. ನಿಪ್ಪಾಣಿಯಿಂದ ಬಂದ ನಾಲ್ಕು ಮಂದಿ ಮಾತ್ರ ಯಾರ ಪರ ಕೂಗಬೇಕು ತಿಳಿಯದೆ ಇಬ್ಬರಿಗೂ ಚಪ್ಪಾಳೆ ತಟ್ಟಿ ಎರಡೂ ಕಡೆಯವರಿಂದ ಬೈಸಿಕೊಂಡರು.

ಕೊನೆಯ ಗೇಮಿನಲ್ಲಿ ನಿನಗೆ ಇನ್ನೊಂದೇ ಪಾಯಿಂಟ್ ಬೇಕಿತ್ತು. ಅದೊಂದು ಬಂದರೆ ಕಪ್ ನಿಮ್ಮದು. ಚೆಂಡು ಹಿಂದಿನ ಮೂಲೆಗೆ ಬಂತು. ನಾನು ರ‍್ಯಾಕೆಟ್ ಬೀಸಬೇಕು, ಅಷ್ಟರಲ್ಲಿ ನಿನ್ನ ಮುಖ ನಡುವೆ ಬಂತು. ಬೀಸಿದ್ದರೆ ನಿನ್ನ ಹಲ್ಲು ಆಯ್ದುಕೊಳ್ಳಬೇಕಾಗುತ್ತಿತ್ತು. ಕೈ ತಡೆದೆ. ಮೂರು ವರ್ಷ ಲೆಟ್ ಲೆಟ್ ಅಂತ ಅಭ್ಯಾಸ ಮಾಡಿದ ಬಾಯಿ ಆ ಹೊತ್ತಿಗೆ ಕೂಗಿದ್ದು "ಮಾಫ್!"

ರೆಫರಿ ನಾಗಪುರದವರು. ಪಾಪ, ಅವರದೇನು ತಪ್ಪು? ಚೆಂಡು ಕೈಬಿಟ್ಟ ಹುಡುಗಿ ತನ್ನ ತಂಡದ ಕ್ಷಮೆ ಕೇಳಿದಳು ಅಂದುಕೊಂಡು ಪಾಯಿಂಟ್ ನಿನಗೆ ಕೊಟ್ಟರು. ನಿಮ್ಮ ಹುಡುಗಿಯರು ಕುರ್ಚಿ ಮೇಲೆ ಹತ್ತಿ ನಿಂತರು. ನನಗೆ ತಕರಾರು ಮಾಡಲೂ ನಾಚಿಕೆ, ಏನಂತ ಮಾಡಲಿ?

ನೀನು ಕುಣಿಯಲಿಲ್ಲ. ಬಾಗಿಲು ತೆರೆದು ರೆಫರಿಯ ಹತ್ತಿರ ಹೋಗಿ, "ಆಕಿ ಲೆಟ್ ಕೇಳ್ಯಾಳ್ರಿ" ಅಂದೆ, ಮೊದಲು ಕನ್ನಡದಲ್ಲಿ, ಆಮೇಲೆ ನೆನಪಾಗಿ ಮರಾಠಿಯಲ್ಲಿ. ಮಾಫ್ ಅಂದದ್ದನ್ನು ನಾನೇ ಕಿವಿಯಾರೆ ಕೇಳಿದೆ ಅಂದರು ಅವರು. ನಮ್ಮೂರಲ್ಲಿ ಲೆಟ್‌ಗೆ ಮಾಫ್ ಅನ್ನುತ್ತಾರೆ ಅಂದೆ ನೀನು. ಯಾವೂರು ಅಂದರು. ನಿಪ್ಪಾಣಿ ಅಂದೆ. ಅವರು ಕನ್ನಡಕ ತೆಗೆದು ನಿನ್ನನ್ನೇ ನೋಡಿ, ನಿಪ್ಪಾಣಿಯಲ್ಲಿ ಸ್ಕ್ವಾಷ್ ಕೋರ್ಟ್ ಇದೆಯೇ ಅಂತ ಕೇಳಿದರು. "ಕೋರ್ಟ್ ಇಲ್ರಿ ಸರ, ಒಂದ ಗ್ವಾಡಿ ಐತ್ರಿ" ಅಂದೆ. ಗಾಜಿನ ಹಿಂದಿದ್ದವರೆಲ್ಲ ನಕ್ಕರು. ನನಗೆ ಅಳು ಬಂತು.

ಪಾಯಿಂಟ್ ಮತ್ತೆ ಆಡಿಸಿದರು. ಅದು ನನಗೆ ಬಂತು. ಮುಂದಿನ ಎರಡೂ ನನಗೇ ಬಂದವು. ಕೊನೆಯ ಚೆಂಡನ್ನು ನೀನು ಗೋಡೆಯ ಬುಡದ ತಗಡಿಗೆ ಹೊಡೆದೆ, ತಗಡಿಗೆ ತಾಗಿದರೆ ಪಾಯಿಂಟ್ ಹೋದ ಹಾಗೆಯೇ. ಅಷ್ಟು ಸುಲಭದ ಚೆಂಡನ್ನು ನೀನು ತಗಡಿಗೆ ಬಡಿದದ್ದು ನಾನು ಕಂಡೇ ಇಲ್ಲ. ನನ್ನ ಸಂಶಯ ಹುಟ್ಟಿದ್ದು ಅಲ್ಲಿ. ಕೈ ಕುಲುಕುವಾಗ "ಯಾಕ ಹಿಂಗ ಮಾಡಿದಿ?" ಅಂತ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಗಾಡಿ ಹೊಂಟೈತಿ, ಬರ್ತೀನಿ" ಅಂದು ಹೋಗೇಬಿಟ್ಟೆ. ನಿಮ್ಮ ಬಸ್ಸಿನಲ್ಲಿ ನಿನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಅದನ್ನು ಕಿಟಕಿಯಲ್ಲಿ ನೋಡಿದೆ.

ಹೇಳು. ಸತ್ಯ ಹೇಳಿದ್ದು ಸರಿ, ಅದು ನಿನ್ನ ಸ್ವಭಾವ. ಆದರೆ ಆಮೇಲಿನ ಮೂರು ಪಾಯಿಂಟ್? ನನ್ನ ಮೇಲೆ ಕನಿಕರ ತೋರಿಸಿದ್ದರೆ ನಿನ್ನ ಮುಖವನ್ನೂ ನೋಡುವುದಿಲ್ಲ.

ನಿಪ್ಪಾಣಿ, ಶನಿವಾರ

ಲಕೋಟೆ ಅಂಟಿಸುವ ಮೊದಲು ಹೊಳೆಯಿತು, ನಿನ್ನ ಹಾಸ್ಟೆಲಿನ ವಿಳಾಸವೇ ನನ್ನ ಹತ್ತಿರ ಇಲ್ಲ. ಅದನ್ನು ಕೇಳಲು ಇವತ್ತು ನಿಮ್ಮ ಮನೆಗೆ ಹೋದೆ. ನಿನ್ನಮ್ಮ ಮದಿನಾಬಿ ಖಾಲಾ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. "ದಾರಿ ತಪ್ಪಿ ಬಂದಿ ಏನ ಬೇ?" ಅಂತ ಬೈದು, ಕೂರಿಸಿ, ನೀರು ಕೊಟ್ಟರು. ನೀರು ತುಂಬಿಕೊಂಡ ಹಿತ್ತಾಳೆ ಕೊಡದ ಹೊಟ್ಟೆ ಅಂಗೈಯಷ್ಟು ಒಳಗೆ ಹೋಗಿತ್ತು. ಅದು ಹೊಸ ಕೊಡ. ಕೊಡಕ್ಕೇನಾಯಿತು ಅಂತ ಕೇಳಿದೆ.

"ನಿನ್ನ ಗೆಳತೀನ ಕೇಳ" ಅಂದರು ಖಾಲಾ. "ಐತಾರ ಸೋತ, ದಾರ್ಯಾಗ ಇಲ್ಲೇ ಬಸ್ ಇಳದ ಬಂದಾಕಿ, ಚಪ್ಪಲ ಸುದ್ದಾ ಬಿಡಲಿಲ್ಲ, ಬಂದಾಕಿನ ಅದನ್ನ ಒದ್ದಳು. ಕಾಲಬಟ್ಟ ಬಾತು ಬದನಿಕಾಯಿ ಆಗೇತಿ. ಹಾಸ್ಟೆಲಿಗಿ ತಿರುಗಿ ಹೋಗೂತನಕ ಊಟಿಲ್ಲ, ನಿದ್ದಿಲ್ಲ. ತಗಡಿಗಿ ಹೊಡದ್ನೆಲ್ಲ, ತಗಡಿಗಿ ಹೊಡದ್ನೆಲ್ಲ ಅಂತ ಒಂದ ಸವನ. ಅದ್ಯಾವ ತಗಡೋ, ನಮ್ಮ ಕೊಡಾ ಹೋತು."

ಕಹಕಶಾ, ಆ ನೆಗ್ಗಿದ ಕೊಡ ನೋಡಿ ನನಗಾದ ಖುಷಿ ಕಪ್ ಹಿಡಿದಾಗಲೂ ಆಗಿರಲಿಲ್ಲ. ನೀನು ಸೋತೆ! ನಿಜವಾಗಿಯೇ ಸೋತೆ! ಖಾಲಾನ ಕೈ ಹಿಡಿದುಕೊಂಡು ನಕ್ಕೆ. ಈ ಹುಡುಗಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಆ ಧೈರ್ಯದಲ್ಲೇ, ಮೂರು ವರ್ಷ ನುಂಗಿಕೊಂಡಿದ್ದ ಇನ್ನೊಂದು ಪ್ರಶ್ನೆಯನ್ನೂ ಕೇಳಿದೆ. ಅವಳು ನನ್ನನ್ನು ಬಿಟ್ಟು ಆ ಕಡೆ ಯಾಕೆ ಹೋದಳು? ಖಾಲಾ ಮೆಣಸಿನಕಾಯಿ ಕೆಳಗಿಟ್ಟರು. "ನಿನಗ ಹೇಳೇ ಇಲ್ಲ? ಬೆಳಗಾವಿಗಿ ಹೋದ್ರ ಇಬ್ರೂ ಒಂದ ಕಡೆ ಆಗ್ತೀವಿ ಅಮ್ಮಾ, ಮ್ಯಾಚಿನ್ಯಾಗ ನೀಲಮನ ಎದುರ ಆಡೂದು ಯಾವಾಗ, ಯಾರ ಚಲೋ ಅನ್ನೂದ ಗೊತ್ತಾಗೂದು ಹೆಂಗ ಅಂದಳು. ಆಕೀಗಿ ಹೇಳಬ್ಯಾಡ್ರಿ, ಅಳ್ತಾಳ, ಆಕಿ ಅತ್ತರ ನನಗ ಹೋಗಾಕ ಆಗೂದಿಲ್ಲ ಅಂದಳು" ಅಂದರು.

ಹುಚ್ಚಿ! ಓದಲು ಊರು ಆರಿಸುವವರು ಕಾಲೇಜು ನೋಡುತ್ತಾರೆ, ಹಾಸ್ಟೆಲ್ ನೋಡುತ್ತಾರೆ. ಎದುರಾಳಿಯನ್ನು ನೋಡಿ ಊರು ಬಿಟ್ಟವಳು ಮೂರು ರಾಜ್ಯ ಹುಡುಕಿದರೂ ನೀನೊಬ್ಬಳೇ ಸಿಗುವುದು. ಮೊದಲು ನನಗೆ ನಗು ಬಂತು, ಆಮೇಲೆ ಮನೆಗೆ ಬರುತ್ತಾ ಯೋಚಿಸಿದರೆ ನಿನ್ನ ಮಾತು ಖರೆ ಅನಿಸಿತು. ವಖಾರಿನಲ್ಲಿ ನಮ್ಮ ಯಾವ ಆಟವೂ ಮುಗಿದದ್ದಿಲ್ಲ. ಸೋಲು ಹತ್ತಿರ ಬಂತು ಅಂದರೆ ಇಬ್ಬರಲ್ಲಿ ಒಬ್ಬಳು ಮಾಫ್ ಅನ್ನುತ್ತಿದ್ದಳು, ಕತ್ತಲಾಗುತ್ತಿತ್ತು, ಮನೆಗೆ ಹೋಗುತ್ತಿದ್ದೆವು.

ಆದರೂ ನಿನ್ನ ಮೇಲೆ ಸಿಟ್ಟಿದೆ. ಹೇಳಿ ಹೋಗಬೇಕಿತ್ತು. ಅಳುತ್ತಿದ್ದೆ, ನಿಜ. ಅತ್ತು ಅತ್ತು ಬಸ್ ಸ್ಟ್ಯಾಂಡಿನ ತನಕ ಬಂದು ಕಳಿಸುತ್ತಿದ್ದೆ. ನನ್ನ ಅಳುವಿಗೆ ನೀನು ಅಷ್ಟು ಹೆದರುತ್ತೀ ಅಂತ ಗೊತ್ತಿದ್ದರೆ ಎಷ್ಟು ಕೆಲಸ ಮಾಡಿಸಿಕೊಳ್ಳುತ್ತಿದ್ದೆನೋ.

ಕಾಲಬಟ್ಟಿಗೆ ಅರಿಶಿನ ಹಚ್ಚು. ನಿಮ್ಮ ತಂಡದವರು ಇನ್ನೂ ಮಾತಾಡಿಸದಿದ್ದರೆ ನನಗೆ ಬರೆ, ನಾನೇ ಬಂದು ಎಲ್ಲರಿಗೂ ಮಾಫ್ ಅಂದರೆ ಏನು ಅಂತ ಪಾಠ ಮಾಡುತ್ತೇನೆ. ಬರೆಯದಿದ್ದರೂ ಬರುತ್ತೇನೆ.

ನಿನ್ನ ಎದುರಾಳಿ,
ನೀಲಮ

ತಾ.ಕ.: ಒಂದು ಮಾತು ಮೇಲೆ ಬರೆಯಲಿಲ್ಲ. ನೀನು ಅಲ್ಲಿಯೇ ಎಂ.ಎ. ಮಾಡುತ್ತೀ ಅಂತ ಸಂಭಾಜಿಯಿಂದ ಕೇಳಿ, ಜನವರಿಯಲ್ಲೇ ನಾನೂ ನಿಮ್ಮ ವಿದ್ಯಾಪೀಠಕ್ಕೆ ಅರ್ಜಿ ಹಾಕಿದ್ದೆ. ಸಿಟ್ಟು ಹಾಗೇ ಇರಲಿ, ಖೋಲಿ ಮಾತ್ರ ಒಂದೇ ಆಗಲಿ ಅಂತ. ಇವತ್ತು ನಿಮ್ಮ ಮನೆಯಿಂದ ಬಂದವಳೇ ಫೋನಿನಲ್ಲೇ ಅದನ್ನು ವಾಪಸ್ ತಗೊಂಡೆ. ಇನ್ನೂ ಎರಡು ವರ್ಷ ನಾನು ಈ ಕಡೆ. ನೀನು ಆ ಕಡೆಯಿಂದ ಅಲ್ಲಾಡಬೇಡ.