ಮೇಲಿನಂತೆ

ಮಾರ್ಚ್ 9, ಬೆಳಿಗ್ಗೆ 8.20
ನೀರು 4 ಡಿಗ್ರಿ, ಒತ್ತಡ 2. ರಿಜಿಸ್ಟರಿಗೆ ಬರೆದದ್ದಾಯ್ತು. ಸೋಡಾ ಫ್ಯಾಕ್ಟರಿಯಲ್ಲಿ ನನ್ನ ಸಾಹಿತ್ಯಸೇವೆ ಇಷ್ಟೇ. ಸಕ್ಕರೆ ಪಾಕ ಚೆಲ್ಲಿ ನೆಲವೆಲ್ಲ ಅಂಟು. ಚಪ್ಪಲಿ ಎತ್ತಿದರೆ ಪಚಕ್. ಮಾವ (ಅಮ್ಮನ ತಮ್ಮ, ಇಲ್ಲಿಯ ಯಜಮಾನ) ಬಾಟಲಿ ಮುಚ್ಚಳದಲ್ಲಿ ಕಿವಿ ಕೆರೆದುಕೊಂಡು ಅದನ್ನು ಮತ್ತೆ ಡಬ್ಬಿಗೇ ಹಾಕಿದರು. ಇನ್ನು ಜನ್ಮದಲ್ಲಿ ಸೋಡಾ ಕುಡಿಯಲಾರೆ.

ಮಾರ್ಚ್ 17
ನೀರು ತಣಿಸುವ ಚಿಲ್ಲರ್ ಕೆಟ್ಟಿತು. ನೀರು 23. ಸೋಡಾ ಸಪ್ಪೆ. ಮಾವ ಗ್ಯಾಸಿನ ತಿರುಪು ತಿರುಗಿಸಿ ಒತ್ತಡ 5ಕ್ಕೆ ಏರಿಸಿದರು. ಯಾಕೆಂದು ಬಾಟಲಿ ತುಂಬುವ ಅಕ್ಕನನ್ನು ಕೇಳಿದೆ.
"ನೀರು ತಣ್ಣಗಿದ್ರೆ ಗ್ಯಾಸ್ ಸುಲಭವಾಗಿ ಕರಗತ್ತೆ ಕಣೇ. ಬೆಚ್ಚಗಾದ್ರೆ ನಿಲ್ಲಲ್ಲ. ಒತ್ತಿ ಕೂರಿಸ್ಬೇಕು, ಮನಸ್ಸಿಲ್ಲದ ನೆಂಟನ್ನ ಹೆಗಲು ಅದುಮಿ ಕೂರಿಸಿದ ಹಾಗೆ."
"ಎದ್ದು ಹೊರಟ್ರೆ?"
"ಬಾಗಿಲು ಮುರ್ಕೊಂಡೇ ಹೋಗ್ತಾನೆ." ನಕ್ಕಳು. ಗಾಜಿನ ಚೂರು ತಡೆಯಲು ಅವಳ ಮುಖದ ಮುಂದಿರಬೇಕಾದ ಜಾಲರಿ ಕಿತ್ತುಹೋಗಿ ತಿಂಗಳಾಯಿತು.
ರಿಜಿಸ್ಟರಿನಲ್ಲಿ 23 ಬರೆಯಹೊರಟೆ. ಮಾವ ಪೆನ್ನು ತಡೆದರು.
"ಎಂ.ಎ. ಓದಿದೋಳಿಗೆ ಹೇಳ್ಕೊಡ್ಬೇಕಾ? ‘ಮೇಲಿನಂತೆ’ ಅಂತ ಹಾಕು. ಮೇಲಿನ ಸಾಲು ನೋಡ್ಕೊಳ್ಲಿ, ನಮಗೇನು."
ಹಾಕಿದೆ. ಥೂ.

ಮಾರ್ಚ್ 18
ರಿಜಿಸ್ಟರಿನಲ್ಲಿ: ಮೇಲಿನಂತೆ. ನಿಜ: 24, 5. ಇಲ್ಲಾದರೂ ಬರೆದಿಡುತ್ತೇನೆ.

ಮಾರ್ಚ್ 19
24, 5.

ಮಾರ್ಚ್ 23
25, ಐದೂವರೆ. ಎರಡು ಬಾಟಲಿ ಕ್ರೇಟಿನಲ್ಲೇ ಸಿಡಿದವು. ಮಾವ ಕಾಲಿನಿಂದ ಚೂರು ಸರಿಸುತ್ತಾ, "ನಿನ್ನ ಅಕ್ಷರ ಮುತ್ತು ಪುಟ್ಟಿ, ಮುತ್ತು." ಹೊಗಳಿಕೆ ಪಾಕದ ಹಾಗೆ ಮೈಗೆ ಅಂಟಿತು. ಮನೆಗೆ ಬಂದು ಮೂರು ಸಲ ಕೈ ತೊಳೆದೆ.

ಏಪ್ರಿಲ್ 2
ಬರೆಯಲಾಗಲಿಲ್ಲ ಇಷ್ಟು ದಿನ.
ಮಾರ್ಚ್ 26ರಂದು ಬಾಟಲಿ ಅಕ್ಕನ ಕೈಯಲ್ಲೇ ಸಿಡಿಯಿತು. ಎಡಗಣ್ಣು ಹೋಯಿತು. ಅವಳೇ ಕುಲುಕಿದಳು ಅನ್ನುತ್ತಿದ್ದಾರೆ ಮಾವ. "ರಿಜಿಸ್ಟರ್ ನೋಡಿ ಸ್ವಾಮಿ, ದಿನವೂ ನಾಲ್ಕು ಡಿಗ್ರಿ." ಕಾರ್ಮಿಕ ಇಲಾಖೆಯಿಂದ ಬಂದ ತನಿಖೆಯವರು ನನ್ನ ಮುತ್ತಿನಕ್ಷರ ನೋಡಿ ತಲೆದೂಗಿದರು. ತಪ್ಪು ಅವಳದೆಂದಾದರೆ ಪರಿಹಾರವಿಲ್ಲ, ಕೆಲಸವೂ ಇಲ್ಲ.
ಆಸ್ಪತ್ರೆಗೆ ಹೋಗಿದ್ದೆ. ಅಕ್ಕ ಬೈಯಲಿಲ್ಲ. "ದಿನಾ ಮೀಟರ್ ನೋಡಿ ಬರೀತಿದ್ದೋಳು ನೀನೇ ಅಲ್ವೇನೇ? ನೀನು ಹೇಳಿದ್ರೆ ಸಾಕು ಬಿಡು."
ಮನೆಗೆ ಬಂದು ಇದರ ಹಿಂದಿನ ಪುಟಗಳನ್ನು ತೆಗೆದು ಓದಿದೆ.

ಏಪ್ರಿಲ್ 3, ಬೆಳಿಗ್ಗೆ 10.40
ಆಫೀಸಿನ ಹೊರಗಿನ ಬೆಂಚು. ಒಳಗೆ ತನಿಖೆ. ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ — ರಿಜಿಸ್ಟರೂ ನಂದೇ ಅಲ್ಲವೇ. ಇರುವುದು ಈ ನೋಟ್‌ಬುಕ್ಕೊಂದೇ. ಕೊಟ್ಟರೆ ಎಲ್ಲ ಓದುತ್ತಾರೆ... ಮಾವನ ಕಿವಿ, ನನ್ನ ಥೂ. ಅಮ್ಮನೂ ಓದುತ್ತಾಳೆ.
ಮಾವ ಬಂದು ಪಕ್ಕ ಕೂತರು. ಬೆವರು, ಪಾಕದ ವಾಸನೆ. "ಏನು ಕೇಳಿದ್ರೂ ಮೇಲಿನಂತೆ ಅನ್ನು, ಸಾಕು. ಏನದು, ಕಥೆನಾ?"
"ಹೂಂ."
ನಕ್ಕು ಎದ್ದು ಹೋದರು. ಅಕ್ಕನ ಜಾಗದಲ್ಲಿ ಇವತ್ತು ಬೇರೊಬ್ಬಳು ಕೂತಿದ್ದಾಳೆ. ಜಾಲರಿ ಇನ್ನೂ ಇಲ್ಲ. ಬರುವಾಗ ಮೀಟರ್ ನೋಡಿಕೊಂಡೇ ಬಂದೆ.
ನನ್ನನ್ನು ಕರೆಯುತ್ತಿದ್ದಾರೆ. ಕೊಡುವ ಮೊದಲು ಇವತ್ತಿನದೂ ಇರಲಿ: ನೀರು 26, ಒತ್ತಡ 6.